ಬೆನ್ನಿನೊಳಗಿನ ಹಾಳೆ

ಬೋರಾ ಬಜಾರಿನ ಗಲ್ಲಿ. ಮಧ್ಯಾಹ್ನ ಮೂರು.
ಮೈದಾ ಅಂಟು ಕುದಿಸಿ ಆರಲು ಇಟ್ಟಿದ್ದೇನೆ,
ಮೈಲುತುತ್ತು ಒಂದು ಚಿಟಿಕೆ,
ಇಲ್ಲವಾದರೆ ಜಿರಳೆಗಳು ಜಾತಿ ಧರ್ಮ ನೋಡದೆ ತಿನ್ನುತ್ತವೆ.

ತೆಹ್ಮುರಸ್ಪ್ ಸಾಹೇಬರ ಪುಸ್ತಕ ಮೇಜಿನ ಮೇಲೆ ಬೋರಲು.
ಯಾರೋ ಬಿಷಪ್ಪನ ಉಪದೇಶಗಳು, ಕರುವಿನ ಚರ್ಮ,
ಮುನ್ನೂರೆಂಬತ್ತು ವರ್ಷದ ಬೆನ್ನು ಮುರಿದಿದೆ.
ಒದ್ದೆ ಬಟ್ಟೆ ಹಾಸಿ ಕಾದೆ.
ಚರ್ಮ ಸಡಿಲವಾಯಿತು. ಅದರಡಿ ಒಂದು ಹಾಳೆ,
ಮಡಿಸಿ, ಬೆನ್ನು ಬಾಗದಿರಲೆಂದು ಮೆತ್ತಿದ್ದು.
ನಮ್ಮ ಕಸುಬಿನ ಹಳೇ ಚಾಳಿ:
ಗಟ್ಟಿ ಮಾಡಲು ರದ್ದಿ.

ಗಾಯದ ಪಟ್ಟಿ ಬಿಡಿಸುವಷ್ಟು ಮೆಲ್ಲಗೆ ಎಬ್ಬಿಸಿದೆ.
ನನ್ನದು ರಾತ್ರಿಶಾಲೆಯ ಇಂಗ್ಲಿಷು.
ಇದರಲ್ಲಿ 'ಎಸ್' ಎಲ್ಲ 'ಎಫ್' ಥರ,
ಹಲ್ಲುದುರಿದ ಮುದುಕ ಬೈದ ಹಾಗೆ ಕೇಳುತ್ತದೆ.
ಬೈಗುಳ ಬಿಷಪ್ಪರಿಗೇ! ಅವರ ಉಬ್ಬಿದ ಬಿಳೀ ತೋಳಿಗೆ,
ಹೊಟ್ಟೆಗೆ, ದೇವರ ಪಾಲೆಂದು
ಬಡವನ ಹತ್ತನೇ ಮೊಟ್ಟೆ ಎತ್ತುವ ಕೈಗೆ.
ಇಸವಿ ಸಾವಿರದ ಆರುನೂರ ನಲವತ್ತೊಂದು.
ಬರೆದವನ ಹೆಸರಿಲ್ಲ. ಅಚ್ಚು ಮಾಡಿದವನ ಹೆಸರಿಲ್ಲ. ಬೀದಿಯ ಹೆಸರೂ ಇಲ್ಲ.

ಅಕ್ಷರಕ್ಕಿಂತ ಮೊದಲು ನಾನು ಓದಿದ್ದು ಅವಸರವನ್ನು.
ಎರಡನೇ ಸಾಲಿನಲ್ಲಿ ಒಂದು ಮೊಳೆ ತಲೆಕೆಳಗು.
ಅಂಚಿನಲ್ಲಿ ಹೆಬ್ಬೆರಳ ಮಸಿ.
ಶಾಯಿ ಆರುವ ಮೊದಲೇ ಮಡಿಸಿದ್ದಾರೆ,
ಈ ಪುಟದ ಸಿಟ್ಟು ಎದುರು ಪುಟದ ಮೇಲೆ ಉಲ್ಟಾ ಬಿದ್ದಿದೆ.
ಬಾಗಿಲು ಬಡಿದ ಸದ್ದಾಗಿರಬೇಕು.

ಆ ಸದ್ದು ನನಗೆ ಗೊತ್ತು.

ಎಂಬತ್ತೆರಡು. ಗಿರಣಿಗಳ ಭೋಂಗಾ ನಿಂತು ಏಳು ತಿಂಗಳು.
ಚಿಂಚ್‌ಪೋಕ್ಲಿಯಲ್ಲಿ ಮದುವೆ ಕಾಗದ ಹೊಡೆಯುವ ಒಂದು ಟ್ರೆಡಲ್,
ಕಿಟಕಿಗೆ ಗೋಣಿ. ಟಾರ್ಚು ಹಲ್ಲಲ್ಲಿ ಕಚ್ಚಿ
ಶೀನ ಮೆಂಡನ್ ಮೊಳೆ ಜೋಡಿಸುತ್ತಿದ್ದ. ನಾನು ತುಳಿಯುತ್ತಿದ್ದೆ.
ಮರಾಠಿಯಲ್ಲಿ ಎಲ್ಲರೂ ಹೊಡೆದಾಗಿತ್ತು; ಇದು ಕನ್ನಡದ್ದು,
ನಮ್ಮ ಖಾತೆಯ ಇನ್ನೂರು ಜನಕ್ಕೆ.
'ನಮ್ಮ ಹಕ್ಕು ನಮಗೆ ಕೊಡಿ' ತಲೆಬರಹ.
ಕತ್ತಲಲ್ಲಿ ಅವನ ಕೈ ಪಕ್ಕದ ಗೂಡಿಗೆ ಹೋಯಿತು.
ಬೆಳಿಗ್ಗೆ ಗೇಟಿನ ಮುಂದೆ ಎಲ್ಲರೂ ಓದಿದರು:
ನಮ್ಮ ಹಕ್ಕಿ ನಮಗೆ ಕೊಡಿ.

ನಕ್ಕರು. ಏಳು ತಿಂಗಳಲ್ಲಿ ಮೊದಲ ಸಲ.

ಇನ್ಸ್‌ಪೆಕ್ಟರು ಮಾತ್ರ ನಗಲಿಲ್ಲ. ಗುಪ್ತಭಾಷೆ ಅಂದುಕೊಂಡ.
'ಕುಠ್ಲಾ ಪಕ್ಷಿ ರೇ?' ರಾತ್ರಿಯಿಡೀ ಅದೊಂದೇ ಪ್ರಶ್ನೆ.
ಶೀನನ ಬಲಗೈಯ ಎರಡು ಬೆರಳು ಮತ್ತೆ ಮಡಿಸಲಿಲ್ಲ.
ತುಳಿದವನೂ ನಾನೇ ಅಂದನಂತೆ.

ಸಾಹೇಬರು ಹೇಳುತ್ತಾರೆ: ಅಲ್ಲಿ ಕಿವಿ ಕೊಯ್ಯುತ್ತಿದ್ದರು,
ಸಂತೆಯ ನಡುವೆ ಹಲಗೆಗೆ ಕೊರಳು ಸಿಕ್ಕಿಸಿ.
ಬೀದಿಯಲ್ಲಿ ಕೂಗಿ ಮಾರುತ್ತಿದ್ದವರಲ್ಲಿ ಹೆಂಗಸರೇ ಬಹಳವಂತೆ.
ನಮ್ಮದನ್ನು ಹಂಚಿದ್ದು ಶೀನನ ಅಕ್ಕ ಚಂದು, ಬುಟ್ಟಿಯ ತಳದಲ್ಲಿಟ್ಟು.
ಇವತ್ತಿಗೂ ಹಕ್ಕು ಅಂದರೆ ನನಗೆ ಬಂಗುಡೆಯ ವಾಸನೆ.

ಒಂದು ಕರಪತ್ರಕ್ಕೆ ಒಂದು ಉತ್ತರ, ಆ ಉತ್ತರಕ್ಕೊಂದು ಉಗುಳು,
ಕೊನೆಗೆ ರಾಜನ ತಲೆಯೇ ಉರುಳಿತಂತೆ.
ಆಮೇಲೆ ಗೆದ್ದವರೂ ಅಚ್ಚಿನ ಮನೆಗೆ ಬೀಗ ಜಡಿದರಂತೆ.
ಅದೂ ಗೊತ್ತು, ಸಾಹೇಬ್. ಯೂನಿಯನ್ ಆಫೀಸಿನಲ್ಲಿ
ನನ್ನ ಎರಡನೇ ಕರಪತ್ರ ಹರಿದವರು ಮಾಲೀಕರ ಕಡೆಯವರಲ್ಲ.

ಬೈದವನ ಹಾಳೆ ಬೈಸಿಕೊಂಡವನ ಬೆನ್ನು
ಇಷ್ಟು ಕಾಲ ಹಿಡಿದು ನಿಲ್ಲಿಸಿತ್ತು. ಯಾರ ಚೇಷ್ಟೆಯೋ,
ಅಥವಾ ಕೈಗೆ ಸಿಕ್ಕ ಕಾಗದವೋ.
ಪುಸ್ತಕಕ್ಕಿಂತ ಅದಕ್ಕೇ ಬೆಲೆ, ಪ್ಲಾಸ್ಟಿಕ್ಕಿನಲ್ಲಿಡು,
ಅಂದರು ಸಾಹೇಬರು ಫೋನಿನಲ್ಲಿ.

ಸರಿ. ಈಗ ಬಿಷಪ್ಪನ ಬೆನ್ನು ಟೊಳ್ಳು.
ಡ್ರಾಯರಿನ ತಳದಲ್ಲಿ ನನ್ನ ಹತ್ತಿರ ಒಂದೇ ಒಂದು ಪ್ರತಿ,
ಚಹಾದ ಬಣ್ಣಕ್ಕೆ ತಿರುಗಿದ್ದು.
ಅಳತೆ ನೋಡಿದೆ. ಅರ್ಧ ಇಂಚು ಹೆಚ್ಚು.
ಕತ್ತರಿಸಿದರೆ ತಲೆಬರಹ ಹೋಗುತ್ತದೆ.

ಮಡಿಸಿದೆ.
ಅಂಟು ಹದವಾಗಿತ್ತು.
ಚರ್ಮ ಎಳೆದು ಮುಚ್ಚಿ, ಭಾರಕ್ಕೆ ಎರಡು ಇಟ್ಟಿಗೆ ಇಟ್ಟೆ.